ಲೇಕ್ ಡಿಸ್ಟ್ರಿಕ್ಟ್‌ಗೆ ಹೊರಟ ಮಲೆನಾಡಿನವರಿಗೆ

ತೀರ್ಥಹಳ್ಳಿಯವರಿಗೆ ಮಳೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ನಗು ಬರುತ್ತದೆ. ಇಂಗ್ಲೆಂಡಿನ ವಾಯವ್ಯ ಭಾಗದ ಲೇಕ್ ಡಿಸ್ಟ್ರಿಕ್ಟ್‌ಗೆ ನಾವು ಹೊರಟಾಗ ಜೊತೆಗಿದ್ದ ನಮ್ಮ ಭಾವನವರೂ ಹಾಗೆಯೇ ನಕ್ಕರು. ಇಂಗ್ಲೆಂಡಿನ ಜನವಸತಿ ಪ್ರದೇಶಗಳಲ್ಲೇ ಅತಿ ಹೆಚ್ಚು ಮಳೆಯೆಂದು ಹೆಸರಾದ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 3,500 ಮಿ.ಮೀ. ನಮ್ಮ ಆಗುಂಬೆಯದು 7,000 ದಾಟುತ್ತದೆ. "ಇಷ್ಟು ಮಳೆಗೆ ನಮ್ಮಲ್ಲಿ ಗದ್ದೆ ಕೆಲಸವೂ ನಿಲ್ಲುವುದಿಲ್ಲ ಭಾವ" ಎಂದರು.

ಲೆಕ್ಕ ಸರಿ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಹೊಡೆದು ಮುಗಿಸುವ ಮಳೆ. ಆರಿದ್ರೆ, ಪುನರ್ವಸು, ಪುಷ್ಯ ಎಂದು ಲೆಕ್ಕ ಹಾಕಿ ಕೆಲಸ ಹೊಂದಿಸಿಕೊಳ್ಳಬಹುದು. ಅಲ್ಲಿ ಅಟ್ಲಾಂಟಿಕ್ ಕಡೆಯಿಂದ ವಾಯುಭಾರ ಕುಸಿತಗಳು ವರ್ಷವಿಡೀ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ನಡುವೆ ಹೊಳವಾಗುತ್ತದೆ, ಕಣ್ಣು ಕುಕ್ಕುವ ಬಿಸಿಲೂ ಬರುತ್ತದೆ. ಮತ್ತೆ ಮೋಡ. ಒಂದೇ ದಿನದಲ್ಲಿ ಇದೆಲ್ಲ ಎರಡು ಮೂರು ಸುತ್ತು ನಡೆಯಬಹುದು.

ಹಾಗಾಗಿ ಮಳೆ ಬರುತ್ತದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಎಲ್ಲಿ ಕಡಿಮೆ ಎಂದು ನೋಡಿ. ಆಗುಂಬೆಯಿಂದ ಶಿವಮೊಗ್ಗಕ್ಕೆ ಇಳಿಯುವಷ್ಟರಲ್ಲಿ ಮಳೆ ಹೇಗೆ ಸೊರಗುತ್ತದೆಯೋ ಅಲ್ಲಿಯೂ ಹಾಗೆಯೇ. ಸೀತ್‌ವೇಟ್‌ನಿಂದ ಹದಿಮೂರು ಕಿಲೋಮೀಟರ್ ದೂರವೂ ಇಲ್ಲದ ಕೆಸ್ವಿಕ್ ಪೇಟೆಯಲ್ಲಿ ಮಳೆ ಹೆಚ್ಚುಕಡಿಮೆ ಅರ್ಧ. ಇನ್ನೂ ಪೂರ್ವದ ಪೆನ್ರಿತ್‌ನಲ್ಲಿ ಮತ್ತೂ ಕಡಿಮೆ. ಕಣಿವೆಯೊಳಗಿನ ಚಂದದ ಮನೆಗಿಂತ ಕೆಸ್ವಿಕ್‌ನಲ್ಲೇ ಕೋಣೆ ಹಿಡಿಯಿರಿ. ಹೊಳವಾದ ದಿನ ಬಸ್ ಹತ್ತಿ ಬಾರೋಡೇಲ್ ಕಣಿವೆಗೆ ಹೋಗಿ. ಕಣಿವೆ ಕಪ್ಪಿಟ್ಟರೆ ಪೂರ್ವಕ್ಕೆ ತಿರುಗಿ, ಕ್ಯಾಸಲ್‌ರಿಗ್‌ನ ಪುರಾತನ ಕಲ್ಲುವೃತ್ತ ನೋಡಿ ಬನ್ನಿ.

ಮೇ ಅಥವಾ ಜೂನ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. ಬೆಳಗ್ಗೆ ಮಳೆಯೆಂದು ದಿನವೇ ಹಾಳಾಗುವುದಿಲ್ಲ. ಚಳಿಗಾಲದ ಗೊಡವೆ ಬೇಡ. 2015ರ ಡಿಸೆಂಬರಿನಲ್ಲಿ ಅಲ್ಲಿನ ಹೊನಿಸ್ಟರ್ ಘಾಟಿಯಲ್ಲಿ 24 ಗಂಟೆಗಳಲ್ಲಿ 341.4 ಮಿ.ಮೀ. ಸುರಿದು ಬ್ರಿಟನ್ನಿನ ದಾಖಲೆಯಾಯಿತು.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಆಕ್ಸನ್‌ಹೋಮ್‌ವರೆಗೆ ರೈಲು, ಅಲ್ಲಿ ಇಳಿದು ವಿಂಡರ್‌ಮಿಯರ್‌ಗೆ ಇನ್ನೊಂದು ರೈಲು, ಮುಂದೆ 555 ಸಂಖ್ಯೆಯ ಬಸ್. ರೈಲಿನ ಟಿಕೆಟ್ ಮುಂಚೆಯೇ ಕೊಂಡರೆ ಅಗ್ಗ. ಡಬಲ್ ಡೆಕ್ಕರ್ ಬಂದರೆ ಮೇಲೆ ಮುಂದಿನ ಸೀಟು ಹಿಡಿಯಿರಿ. ಗ್ರಾಸ್‌ಮಿಯರ್ ದಾಟಿದ ಮೇಲಿನ ಏರು ತಿರುವುಗಳನ್ನು ಅಲ್ಲಿ ಕುಳಿತೇ ನೋಡಬೇಕು.

ಬಟ್ಟೆಯ ವಿಷಯದಲ್ಲಿ ಮಾತ್ರ ನಮ್ಮ ಊರಿನ ಅನುಭವವನ್ನು ಊರಿನಲ್ಲೇ ಬಿಟ್ಟು ಹೋಗಿ. ಕೆಸ್ವಿಕ್‌ನ ಎದುರಿಗೇ ಕ್ಯಾಟ್‌ಬೆಲ್ಸ್ ಎಂಬ ಗುಡ್ಡವಿದೆ. ಎತ್ತರ ಬರೀ 451 ಮೀಟರ್, ಕೊಡಚಾದ್ರಿಯ ಮೂರನೆಯ ಒಂದು ಭಾಗ. ದೋಣಿಯಲ್ಲಿ ಕೆರೆ ದಾಟಿ ಹತ್ತಲು ಶುರುಮಾಡಿದಾಗ ಬಿಸಿಲಿತ್ತು, ಸ್ವೆಟರ್ ಬಿಚ್ಚಿದೆವು. ಅರ್ಧದಲ್ಲಿ ಸೋನೆ ಹಿಡಿಯಿತು, ಭಾವನವರು ಕೊಡೆ ಬಿಚ್ಚಿದರು. ಏಣಿನ ಮೇಲೆ ಬಂದದ್ದೇ ತಡ, ಪಶ್ಚಿಮದ ಗಾಳಿ ಅದನ್ನು ಮಗುಚಿ ಎರಡು ಕಡ್ಡಿ ಮುರಿದು ಕೈಗೆ ಕೊಟ್ಟಿತು. ಆಮೇಲೆ ಬಿದ್ದದ್ದು ಆಲಿಕಲ್ಲು, ಅದೂ ಮೇ ತಿಂಗಳಲ್ಲಿ. ನಮ್ಮ ಜಡಿಮಳೆಯಲ್ಲಿ ನೆನೆದರೆ ಮನೆಗೆ ಬಂದು ಒಲೆಯ ಮುಂದೆ ಕೂತರಾಯಿತು. ಅಲ್ಲಿ ಹನ್ನೆರಡು ಡಿಗ್ರಿಯ ಗಾಳಿಯಲ್ಲಿ ಒದ್ದೆ ಜೀನ್ಸ್ ತೊಟ್ಟು ನಡೆಯುವುದು ಶಿಕ್ಷೆ. ಟೋಪಿಯಿರುವ ಜಲನಿರೋಧಕ ಜಾಕೆಟ್, ಅಂಥದೇ ಪ್ಯಾಂಟು, ಬೇಗ ಒಣಗುವ ತೆಳು ಬಟ್ಟೆ ಎರಡು ಪದರ, ಹಿಡಿತವಿರುವ ಬೂಟು ಇರಲಿ. ಗುಡ್ಡ ಹತ್ತುವ ಮುಂಚೆ ವೆದರ್‌ಲೈನ್ ಎಂಬ ಸ್ಥಳೀಯ ಮುನ್ಸೂಚನೆ ನೋಡಿ. ಪೇಟೆಯದಲ್ಲ, ಶಿಖರದ ಗಾಳಿ ಮತ್ತು ಚಳಿಯನ್ನು ಅದು ಹೇಳುತ್ತದೆ. ಕಣಿವೆಗಳಲ್ಲಿ ಮೊಬೈಲ್ ನಂಬುವಂತಿಲ್ಲ, ಕಾಗದದ ನಕ್ಷೆ ಕೊಳ್ಳಿ.

ಭಾವನವರು ಗುಡ್ಡಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಕಲ್ಲುಗೋಡೆಗಳನ್ನು. ಗಾರೆಯಿಲ್ಲ, ಮಣ್ಣೂ ಇಲ್ಲ. ಎರಡು ಮುಖ ಕಟ್ಟಿ, ನಡುವೆ ಚೂರುಕಲ್ಲು ತುಂಬಿ, ಅಲ್ಲಲ್ಲಿ ಎರಡೂ ಮುಖಗಳನ್ನು ಹಿಡಿದು ನಿಲ್ಲಿಸುವ ಉದ್ದನೆಯ ಕಲ್ಲು ಅಡ್ಡ ಇಟ್ಟಿರುತ್ತಾರೆ. ಸಂದಿಗೆ ಬೆರಳು ತೂರಿಸಿ, "ನೀರು ನಿಲ್ಲುವುದಿಲ್ಲ, ಗೋಡೆಯೂ ಬೀಳುವುದಿಲ್ಲ. ನಮ್ಮ ತೋಟಕ್ಕೂ ಹೀಗೆ ಕಟ್ಟಿಸಬಹುದಿತ್ತು, ಕಟ್ಟುವವರೆಲ್ಲಿ?" ಎಂದರು. ಗೋಡೆ ಹತ್ತಿ ದಾಟಬೇಡಿ. ನಮ್ಮ ತಡಬೆಯಂಥ ಮೆಟ್ಟಿಲೋ ಗೇಟೋ ಇದ್ದೇ ಇರುತ್ತದೆ. ಖಾಸಗಿ ಹೊಲದ ನಡುವೆಯೇ ಸಾರ್ವಜನಿಕ ಕಾಲುದಾರಿ ಹೋಗುತ್ತದೆ, ಯಾರನ್ನೂ ಕೇಳಬೇಕಿಲ್ಲ. ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಬೇಕು, ಅಷ್ಟೇ. ಮೇ ತಿಂಗಳಲ್ಲಿ ಹರ್ಡ್‌ವಿಕ್ ಕುರಿಗಳ ಜೊತೆ ಕಪ್ಪು ಮರಿಗಳಿರುತ್ತವೆ. ಬೆಳೆದಂತೆ ಅವೂ ಬೂದಿಬಣ್ಣಕ್ಕೆ ತಿರುಗುತ್ತವೆ. ಹತ್ತಿರ ಹೋಗಿ ಬೆದರಿಸಬೇಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ, ರುಚಿಯ ಮಾತು ಬೇರೆ. ಸುಟ್ಟ ಆಲೂಗಡ್ಡೆಗೆ ಬೀನ್ಸ್ ಸುರಿದು ಕೊಡುತ್ತಾರೆ. ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ. ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಅವಕಾಶವಿಲ್ಲ.

ಜಿಗಣೆಗೆಂದು ಸುಣ್ಣ, ನಶ್ಯ ಕಟ್ಟಿಕೊಳ್ಳಬೇಕಾಗಿಲ್ಲ. ಆದರೆ ಜರಿಗಿಡಗಳ ನಡುವೆ ಉಣುಗುಗಳಿವೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಕಂಡಿರುವ ನಮಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಅದರಿಂದ ಬರಬಹುದಾದದ್ದು ಲೈಮ್ ರೋಗ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ. ಸಂಜೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗಿಸಿ ಚಿಮಟದಿಂದ ಹಿಡಿದು ನೇರವಾಗಿ ಎಳೆಯಿರಿ. ಆಮೇಲೆ ಊರಿಗೆ ಬಂದ ಮೇಲೂ ಆ ಜಾಗದ ಸುತ್ತ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ, ಎಲ್ಲಿ ಓಡಾಡಿದಿರಿ ಎಂಬುದನ್ನು ಡಾಕ್ಟರಿಗೆ ಮೊದಲೇ ತಿಳಿಸಿ.