ನಾಲ್ಕು ಸಾಲಿನ ಪ್ಯಾಚ್ ಓದಲು ಅಷ್ಟು ಹೊತ್ತು ಏಕೆ?

ಕರ್ನಲ್ (ಮೆಮೊರಿ, ಹಾರ್ಡ್‌ವೇರ್‌ಗಳನ್ನು ನಿರ್ವಹಿಸುವ ಕಾರ್ಯಾಚರಣ ವ್ಯವಸ್ಥೆಯ ತಿರುಳು) ಕೋಡಿನ ಪರಿಶೀಲನೆ ಮಾಡುತ್ತೇನೆಂದು ತಿಳಿದವರು, ಅದರಲ್ಲೂ ವೆಬ್ ಮತ್ತು ಮೊಬೈಲ್ ತಂತ್ರಾಂಶ ಬರೆಯುವ ಗೆಳೆಯರು, ಒಂದಲ್ಲ ಒಂದು ಸಲ ಕೇಳಿಯೇ ಕೇಳುವ ಪ್ರಶ್ನೆ ಇದು: ಬದಲಾದದ್ದು ನಾಲ್ಕೇ ಸಾಲು, ಅದನ್ನು ಓದಲು ಅಷ್ಟು ಹೊತ್ತು ಏಕೆ ಬೇಕು? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಯಂತ್ರ ಕುಸಿದುಬಿದ್ದಾಗ ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕುವುದು ಹೇಗೆ? ಎರಡಕ್ಕೂ ನನ್ನ ಉತ್ತರ ಒಂದೇ. ಪರಿಶೀಲನೆಯ ಹೊತ್ತಿನ ಬಹುಭಾಗ ಹೋಗುವುದು ಪ್ಯಾಚಿನಲ್ಲಿ, ಅಂದರೆ ಕೋಡಿಗೆಂದು ಕಳುಹಿಸಿದ ಬದಲಾವಣೆಯಲ್ಲಿ, ಕಾಣದ ಸಾಲುಗಳನ್ನು ಓದುವುದಕ್ಕೆ. ಬದಲಾದ ಸಾಲುಗಳು ಹಿಂದಿನಂತೆಯೇ ಇರುತ್ತವೆಂದು ನಂಬಿಕೊಂಡು ಬೇರೆಲ್ಲೋ ಬರೆದಿಟ್ಟ ಕೋಡ್ ಇರುತ್ತದಲ್ಲ, ಅದನ್ನು ಹುಡುಕಿ ತೆಗೆಯಬೇಕು.

ಹಳೆಯ ಕೋಡಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುವ ಡಿಫ್ ಸಾಮಾನ್ಯವಾಗಿ ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲುಗಳನ್ನು ತೋರಿಸುತ್ತದೆ. ಪ್ಯಾಚನ್ನು ಸರಿಯಾದ ಜಾಗದಲ್ಲಿ ಕೂರಿಸುವ ಉಪಕರಣಕ್ಕೆ ಆ ಮೂರು ಸಾಲು ಸಾಕು. ಓದುವವರಿಗೂ ಸಾಕೆಂದು ಯಾರೂ ಹೇಳಿಲ್ಲ. ಆದ್ದರಿಂದ ನಾನು ಮೊದಲು ಪ್ಯಾಚನ್ನು ಹಚ್ಚಿ, ಆ ಫಂಕ್ಷನ್ನನ್ನು ಪೂರ್ತಿಯಾಗಿ ಓದಿ, ನಂತರ ಅದನ್ನು ಕರೆಯುವ ಜಾಗಗಳನ್ನೆಲ್ಲ ಒಂದೊಂದಾಗಿ ತೆರೆಯುತ್ತೇನೆ. ಹೊತ್ತು ಹಿಡಿಯುವುದು ಇಲ್ಲಿಯೇ.

ಹಾಗೆಂದು ಎಲ್ಲ ತಪ್ಪುಗಳೂ ದೂರದಲ್ಲಿ ಅಡಗಿರುತ್ತವೆ ಎಂದಲ್ಲ. 2009ರಲ್ಲಿ ಲಿನಕ್ಸ್‌ನ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಸಿಕ್ಕ ದೋಷ ಒಂದೇ ಪರದೆಯಲ್ಲಿ ಕಾಣುವಂಥದ್ದು. ಫಂಕ್ಷನ್ನಿನ ಆರಂಭದಲ್ಲಿ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ತೋರಿಸುವ ರಚನೆಯ ಒಳಗಿನ ಸದಸ್ಯವನ್ನು ಓದಿ ಹೊಸ ಚಲಕದಲ್ಲಿಡುವ ಸಾಲೊಂದನ್ನು ಸೇರಿಸಲಾಗಿತ್ತು. ಅದೇ ಪಾಯಿಂಟರ್ ನಲ್, ಅಂದರೆ ಏನನ್ನೂ ತೋರಿಸದ ಸೊನ್ನೆ ವಿಳಾಸ, ಆಗಿದ್ದರೆ ಹಿಂದಿರುಗಬೇಕೆಂಬ ಹಳೆಯ ಪರೀಕ್ಷೆ ಅದರ ಸ್ವಲ್ಪವೇ ಕೆಳಗಿತ್ತು. ಓದಿದವರಿಗೆ ಪರೀಕ್ಷೆ ಇದೆಯೆಂಬ ಸಮಾಧಾನ ಸಿಕ್ಕಿರಬೇಕು. ಆದರೆ ಸಿ ಭಾಷೆಯ ನಿಯಮದ ಪ್ರಕಾರ ನಲ್ ಪಾಯಿಂಟರಿನ ಮೂಲಕ ಓದುವುದೇ ಅಸಿಂಧುವಾದ್ದರಿಂದ, ಮೇಲೆ ಓದಿಯಾಗಿದೆ ಎಂದರೆ ಅದು ನಲ್ ಆಗಿರಲು ಸಾಧ್ಯವೇ ಇಲ್ಲ ಎಂದು ಜಿಸಿಸಿ ಕಂಪೈಲರ್ ತರ್ಕಿಸಿ, ಕೆಳಗಿನ ಪರೀಕ್ಷೆಯನ್ನು ತೆಗೆದುಹಾಕಿತು. ಮೂಲ ಕೋಡಿನಲ್ಲಿದ್ದ ಪರೀಕ್ಷೆ ಯಂತ್ರದಲ್ಲಿ ಓಡಿದ ಕೋಡಿನಲ್ಲಿ ಇರಲಿಲ್ಲ. ಸೊನ್ನೆಯ ವಿಳಾಸದಲ್ಲಿ ತನ್ನದೇ ಮೆಮೊರಿ ಪುಟವನ್ನು ಇಟ್ಟುಕೊಳ್ಳಬಲ್ಲ ಬಳಕೆದಾರನೊಬ್ಬ ಇದರಿಂದ ಕರ್ನಲ್ಲಿನ ಅಧಿಕಾರವನ್ನೇ ಪಡೆಯಬಹುದಿತ್ತು. ಪರಿಹಾರ, ಆ ಒಂದು ಸಾಲನ್ನು ಪರೀಕ್ಷೆಯ ಕೆಳಕ್ಕೆ ಸರಿಸುವುದಷ್ಟೇ. ಜೊತೆಗೆ, ಇಂತಹ ಪರೀಕ್ಷೆಗಳನ್ನು ಅಳಿಸಬಾರದೆಂದು ಕಂಪೈಲರಿಗೆ ಹೇಳುವ ಸೂಚನೆಯನ್ನೂ ಕರ್ನಲ್ ಕಟ್ಟುವ ಕ್ರಮದಲ್ಲಿ ಸೇರಿಸಲಾಯಿತು.

ಸಾಮಾನ್ಯ ತಂತ್ರಾಂಶಕ್ಕೂ ಕರ್ನಲ್ಲಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಒಂದು ಸಾಲು ಸರಿಯೋ ತಪ್ಪೋ ಎಂಬುದು ಅದು ಓಡುವ ಸಂದರ್ಭವನ್ನು ಅವಲಂಬಿಸಿರುತ್ತದೆ. ಮೆಮೊರಿ ಕೇಳುವ ಒಂದೇ ಒಂದು ಸಾಲನ್ನು ತೆಗೆದುಕೊಳ್ಳೋಣ. ಜಿಎಫ್‌ಪಿ ಕರ್ನಲ್ ಎಂಬ ಗುರುತಿನೊಂದಿಗೆ ಕೇಳಿದರೆ, ಮೆಮೊರಿ ಕಡಿಮೆಯಿದ್ದಾಗ ಆ ಕರೆ ನಿದ್ರೆಗೆ ಹೋಗಿ, ಬೇರೆ ಪುಟಗಳು ಖಾಲಿಯಾಗುವವರೆಗೆ ಕಾಯಬಹುದು. ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ನಿದ್ರಿಸದೆ ಸುತ್ತುತ್ತಾ ಕಾಯುವ ಬೀಗ) ಹಿಡಿದುಕೊಂಡು ನಿದ್ರಿಸುವಂತಿಲ್ಲ. ಹೊಸ ಸಾಲು ಸೇರಿದ ಫಂಕ್ಷನ್ನಿನಲ್ಲಿ ಯಾವ ಲಾಕೂ ಇಲ್ಲದಿರಬಹುದು, ಅದನ್ನು ಕರೆಯುವ ಫಂಕ್ಷನ್ನಿನಲ್ಲಿಯೂ ಇಲ್ಲದಿರಬಹುದು; ಮೂರು ಹಂತ ಮೇಲಕ್ಕೆ ಹೋದಾಗ ಯಾರೋ ಸ್ಪಿನ್‌ಲಾಕ್ ಹಿಡಿದು ಕರೆಯುತ್ತಿರುತ್ತಾರೆ. ಬರೆದವರ ಯಂತ್ರದಲ್ಲಿ ಬೇಕಾದಷ್ಟು ಮೆಮೊರಿ ಇರುವುದರಿಂದ ಆ ಕರೆ ಎಂದೂ ನಿದ್ರಿಸುವುದಿಲ್ಲ, ಪರೀಕ್ಷೆಗಳೆಲ್ಲ ಉತ್ತೀರ್ಣವಾಗುತ್ತವೆ. ಹೀಗೆ ನಿದ್ರಿಸಬಾರದ (ಅಟಾಮಿಕ್) ಸಂದರ್ಭದಲ್ಲಿ ನಿದ್ರಿಸಬಹುದಾದ ಕರೆ ಬಂದೊಡನೆ, ನಿಜವಾಗಿ ನಿದ್ರಿಸಲಿ ಬಿಡಲಿ, ಎಚ್ಚರಿಸುವ ಆಯ್ಕೆಯೊಂದು ಕರ್ನಲ್ ಕಾನ್ಫಿಗರೇಶನ್ನಿನಲ್ಲಿದೆ. ಪ್ಯಾಚ್ ಕಳುಹಿಸಿದವರನ್ನು ನಾನು ಮೊದಲು ಕೇಳುವುದೇ, ಅದನ್ನು ಹಾಕಿಕೊಂಡು ಪರೀಕ್ಷಿಸಿದ್ದೀರಾ ಎಂದು.

ಇಂಟರಪ್ಟ್‌ಗಳದ್ದೂ, ಅಂದರೆ ಸಿಪಿಯುವಿನ ಕೆಲಸವನ್ನು ನಡುವೆಯೇ ನಿಲ್ಲಿಸಿ ಹ್ಯಾಂಡ್ಲರ್ ಎಂಬ ಕೋಡನ್ನು ಓಡಿಸುವ ಹಾರ್ಡ್‌ವೇರ್ ಕರೆಗಳದ್ದೂ, ಇದೇ ಬಗೆಯ ಕಥೆ. ಒಂದು ಸ್ಪಿನ್‌ಲಾಕನ್ನು ಸಾಮಾನ್ಯ ಕೋಡೂ ಇಂಟರಪ್ಟ್ ಹ್ಯಾಂಡ್ಲರೂ ಹಿಡಿಯುವುದಾದರೆ, ಸಾಮಾನ್ಯ ಕೋಡು ಅದನ್ನು ಹಿಡಿಯುವಾಗ ತನ್ನ ಸಿಪಿಯುವಿನಲ್ಲಿ ಇಂಟರಪ್ಟ್‌ಗಳನ್ನು ತಡೆಯಲೇಬೇಕು. ಇಲ್ಲವಾದರೆ ಲಾಕ್ ಹಿಡಿದ ನಡುವೆ ಅದೇ ಸಿಪಿಯುವಿಗೆ ಇಂಟರಪ್ಟ್ ಬಂದು, ಹ್ಯಾಂಡ್ಲರ್ ಅದೇ ಲಾಕಿಗಾಗಿ ಸುತ್ತುತ್ತಾ ನಿಂತು, ಲಾಕ್ ಹಿಡಿದವನಿಗೆ ಮುಂದುವರಿಯುವ ಅವಕಾಶವೇ ಸಿಗದೆ ಹೋಗುತ್ತದೆ. ಇಲ್ಲಿ ತಪ್ಪು ಮಾಡಿದ ಸಾಲು ಯಾವುದು? ಹಳೆಯ ಲಾಕ್ ಕರೆಯೋ, ಹ್ಯಾಂಡ್ಲರಿನಲ್ಲಿ ಹೊಸದಾಗಿ ಸೇರಿದ ಲಾಕ್ ಕರೆಯೋ? ಪ್ಯಾಚಿನಲ್ಲಿ ಕಾಣುವುದು ಎರಡನೆಯದು ಮಾತ್ರ.

ಹಾರ್ಡ್‌ವೇರನ್ನು ನಡೆಸುವ ಡ್ರೈವರುಗಳಲ್ಲಿ ನಾನು ಬಹಳ ಹೊತ್ತು ನಿಲ್ಲುವುದು ಮುಚ್ಚುವ ದಾರಿಯಲ್ಲಿ ಮತ್ತು ವೈಫಲ್ಯದ ದಾರಿಯಲ್ಲಿ. ಆರಂಭದ ಫಂಕ್ಷನ್ನಿನಲ್ಲಿ ಐದು ಸಂಪನ್ಮೂಲಗಳನ್ನು ಪಡೆದು, ನಾಲ್ಕನೆಯದು ವಿಫಲವಾದಾಗ ಮೊದಲ ಮೂರನ್ನು ತಿರುಗುಮುರುಗಾಗಿ ಬಿಟ್ಟುಕೊಡಲು ಗೋಟೂ (ಬೇರೆ ಸಾಲಿಗೆ ನೇರ ಜಿಗಿಯುವ ಆದೇಶ) ಗುರುತುಗಳ ಸಾಲೊಂದು ಕೊನೆಯಲ್ಲಿರುತ್ತದೆ. ನಡುವೆ ಹೊಸ ಸಂಪನ್ಮೂಲವೊಂದನ್ನು ಸೇರಿಸಿದವರು ಅದರ ನಂತರದ ಗೋಟೂಗಳ ಗುರಿಯನ್ನೂ ಬದಲಿಸಬೇಕು. ಆ ಗೋಟೂಗಳು ಡಿಫ್‌ನ ಮೂರು ಸಾಲಿನ ಆಚೆಗಿರುತ್ತವೆ. ಮುಚ್ಚುವ ದಾರಿಯಲ್ಲಂತೂ ಕ್ರಮವೇ ಸರ್ವಸ್ವ. ಇಂಟರಪ್ಟನ್ನು ಬಿಡಿಸುವ ಮೊದಲೇ ಅದು ಬಳಸುವ ಮೆಮೊರಿಯನ್ನು ಬಿಟ್ಟುಕೊಟ್ಟರೆ, ಆ ನಡುವಿನ ಕ್ಷಣದಲ್ಲಿ ಬಂದ ಇಂಟರಪ್ಟ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಟೈಮರ್ ಒಂದು ವರ್ಕ್‌ಕ್ಯೂ (ಆಮೇಲೆ ಮಾಡಲೆಂದು ಸಾಲಿನಲ್ಲಿಟ್ಟ) ಕೆಲಸವನ್ನು ಎಬ್ಬಿಸಿ, ಆ ಕೆಲಸ ಮತ್ತೆ ಟೈಮರನ್ನು ಹೂಡುವಂತಿದ್ದರೆ ಇನ್ನೂ ಕಷ್ಟ: ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಮರಳಿ ಎಬ್ಬಿಸಬಹುದು. ಈ ಸುಳಿಗೆಂದೇ ಲಿನಕ್ಸ್ 6.2ರಲ್ಲಿ, ಟೈಮರನ್ನು ಮತ್ತೆ ಹೂಡಲಾಗದಂತೆ ಮುಚ್ಚಿಬಿಡುವ ಫಂಕ್ಷನ್ ಬಂತು. ಯಂತ್ರ ಆರಂಭವಾದ ಮೇಲೆ ಎಂದೂ ತೆಗೆಯದ ಡ್ರೈವರಿನ ಮುಚ್ಚುವ ದಾರಿಯನ್ನು ಯಾರು ಓಡಿಸಿ ನೋಡುತ್ತಾರೆ? ಓಡದ ಕೋಡನ್ನು ಓದಿಯೇ ಪರೀಕ್ಷಿಸಬೇಕು.

ಸಿಪಿಯುಗಳ ನಡುವಿನ ಬರಹದ ಕ್ರಮವನ್ನು ಕುರಿತ ಪ್ಯಾಚ್ ಬಂದರೆ, ಆ ದಿನ ಬೇರೆ ಯಾವುದನ್ನೂ ಕೈಗೆತ್ತಿಕೊಳ್ಳದಿರುವುದು ನನ್ನ ಪದ್ಧತಿ. ಒಂದು ಸಿಪಿಯು ದತ್ತಾಂಶವನ್ನು ಬರೆದು ನಂತರ ಸಿದ್ಧವಾಗಿದೆ ಎಂಬ ಗುರುತನ್ನು ಬರೆಯುತ್ತದೆ. ಇನ್ನೊಂದು ಆ ಗುರುತನ್ನು ಕಂಡು ದತ್ತಾಂಶವನ್ನು ಓದುತ್ತದೆ. ಎಕ್ಸ್86ನಲ್ಲಿ ಎರಡು ಬರಹಗಳು ಬೇರೆ ಸಿಪಿಯುಗಳಿಗೆ ಬರೆದ ಕ್ರಮದಲ್ಲಿಯೇ ಕಾಣುವುದರಿಂದ, ಕಂಪೈಲರ್ ಕೈಯಾಡಿಸದಿದ್ದರೆ, ಇದು ವರ್ಷಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ಆರ್ಮ್ ಪ್ರೊಸೆಸರಿನಲ್ಲಿ ಆ ಭರವಸೆಯಿಲ್ಲ; ಗುರುತು ಮೊದಲು, ದತ್ತಾಂಶ ಆಮೇಲೆ ಕಾಣಿಸಬಹುದು. ಕ್ರಮವನ್ನು ಕಾಯುವ ಮೆಮೊರಿ ತಡೆಗಳು ಇದಕ್ಕೆಂದೇ ಇವೆ: ಬರೆಯುವ ಕಡೆ ರಿಲೀಸ್ ಇದ್ದರೆ ಓದುವ ಕಡೆ ಅಕ್ವೈರ್ ಇರಲೇಬೇಕು, ಒಂದೇ ಬದಿಯ ತಡೆಯಿಂದ ಪ್ರಯೋಜನವಿಲ್ಲ. ಜೋಡಿ ಎಲ್ಲಿದೆಯೆಂದು ಟಿಪ್ಪಣಿ ಬರೆಯದ ಮೆಮೊರಿ ತಡೆಯನ್ನು ನಾನು ಹಿಂದಕ್ಕೆ ಕಳುಹಿಸುತ್ತೇನೆ. ಪ್ಯಾಚುಗಳನ್ನು ತಪಾಸಿಸುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಕೂಡ ಇದಕ್ಕೆ ಎಚ್ಚರಿಕೆ ಕೊಡುತ್ತದೆ.

ಹಳೆಯ ಸಾಲಿನ ನಂಬಿಕೆಯೊಂದು ಎಷ್ಟು ಕಾಲ ಕಣ್ಣಿಗೆ ಬೀಳದೆ ಉಳಿಯಬಹುದು ಎಂಬುದಕ್ಕೆ ಡರ್ಟಿ ಕೌ ಎಂದು ಹೆಸರಾದ ದೋಷವನ್ನೇ ನೋಡಬಹುದು. ಓದಲು ಮಾತ್ರ ಅನುಮತಿಯಿರುವ ಕಡತವನ್ನು ಪ್ರೋಗ್ರಾಂ ತನ್ನ ಮೆಮೊರಿಗೆ ಜೋಡಿಸಿಕೊಂಡ ಖಾಸಗಿ ನಕ್ಷೆಗೆ (ಮ್ಯಾಪಿಂಗ್) ಬರೆಯಹೊರಟಾಗ, ಕರ್ನಲ್ ಆ ಪುಟದ ಪ್ರತಿಯೊಂದನ್ನು ಮಾಡಿ, ಪ್ರತಿ ಆಗಿದೆ ಎಂಬ ನಂಬಿಕೆಯಿಂದ ಬರಹದ ಬೇಡಿಕೆಯ ಗುರುತನ್ನು ತೆಗೆದು, ಪುಟವನ್ನು ಮತ್ತೆ ಹುಡುಕುತ್ತಿತ್ತು. ಅದೇ ಹೊತ್ತಿಗೆ ಆ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ (ಜೊತೆಯಲ್ಲೇ ಓಡುವ ಎಳೆ) ಆ ಪ್ರತಿಯನ್ನು ಎಸೆಯುವಂತೆ ಹೇಳಿದರೆ, ಮರುಹುಡುಕಾಟಕ್ಕೆ ಸಿಗುತ್ತಿದ್ದುದು ಮೂಲ ಪುಟ. ಬರಹ ಅದರ ಮೇಲೆಯೇ ಬೀಳುತ್ತಿತ್ತು. ಇದನ್ನು 2005ರಲ್ಲಿಯೇ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಸರಿಪಡಿಸಲು ಯತ್ನಿಸಿದ್ದರು. ಐಬಿಎಂನ ಎಸ್390 ಎಂಬ ದೊಡ್ಡ ಯಂತ್ರಗಳಲ್ಲಿ ಅದು ತೊಂದರೆ ಕೊಟ್ಟದ್ದರಿಂದ ಆ ಪರಿಹಾರವನ್ನು ಹಿಂತೆಗೆಯಲಾಯಿತು. ಕೊನೆಗೂ ಸರಿಹೋದದ್ದು 2016ರ ಅಕ್ಟೋಬರಿನಲ್ಲಿ, ಪ್ರತಿ ಮಾಡುವ ಹಂತ ಮುಗಿದಿದೆ ಎಂಬುದಕ್ಕೆ ಪ್ರತ್ಯೇಕ ಗುರುತೊಂದನ್ನು ಸೇರಿಸಿದ ಕೆಲವೇ ಸಾಲುಗಳ ಪ್ಯಾಚಿನಿಂದ. ಕಥೆ ಅಲ್ಲಿಗೂ ನಿಲ್ಲಲಿಲ್ಲ. ಪುಟ ಕೊಳೆಯಾಗಿದೆ (ಡರ್ಟಿ, ಅಂದರೆ ಅದರ ಮೇಲೆ ಬರೆಯಲಾಗಿದೆ) ಎಂದರೆ ಪ್ರತಿಯಾಗಿದೆ ಎಂಬ ಆ ಪ್ಯಾಚಿನ ತರ್ಕವನ್ನು ದೊಡ್ಡ ಪುಟಗಳಿಗೂ ಅನ್ವಯಿಸಿದಾಗ, ಅಲ್ಲಿ ಬರಹವೇ ಇಲ್ಲದೆ ಪುಟವನ್ನು ಕೊಳೆಯೆಂದು ಗುರುತಿಸುವ ಕೋಡ್ ಮೊದಲಿನಿಂದಲೂ ಇತ್ತು. ಅದು ಬೆಳಕಿಗೆ ಬಂದದ್ದು 2017ರ ಕೊನೆಯಲ್ಲಿ. ನನ್ನ ಗೆಳೆಯರ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಇನ್ನು ಕುಸಿತದ ಕಾರಣ ಹುಡುಕುವ ವಿಷಯ. ಪರಿಶೀಲನೆಯಲ್ಲಿ ಬದಲಾವಣೆಯಿಂದ ಹೊರಟು ಅದು ಮುರಿಯಬಹುದಾದ ನಂಬಿಕೆಯನ್ನು ಹುಡುಕುತ್ತೇವೆ. ಇಲ್ಲಿ ಮುರಿದ ನಂಬಿಕೆಯಿಂದ ಹೊರಟು ಅದನ್ನು ಮುರಿದವರ ಕಡೆಗೆ ನಡೆಯುತ್ತೇವೆ. ಕರ್ನಲ್ ಬೀಳುವಾಗ ಮುದ್ರಿಸುವ ಊಪ್ಸ್ ವರದಿಯಲ್ಲಿ ನಾನು ಮೊದಲು ನೋಡುವುದು ಇದು ಮೊದಲನೆಯ ಊಪ್ಸ್ ಹೌದೇ ಎಂದು. ಕರ್ನಲ್ಲಿನ ಸ್ಥಿತಿಯನ್ನು ನಂಬಲಾಗದಂತೆ ಮಾಡುವ ಘಟನೆಗಳನ್ನು ಸೂಚಿಸುವ ಕಳಂಕದ (ಟೇಂಟ್) ಗುರುತುಗಳ ನಡುವೆ ಡಿ ಅಕ್ಷರ ಇದ್ದರೆ ಅದಕ್ಕೂ ಮೊದಲೇ ಒಂದು ಬಿದ್ದಿದೆ, ಲಾಗಿನಲ್ಲಿ ಮೇಲಕ್ಕೆ ಹೋಗಬೇಕು. ನಂತರ ನೋಡುವುದು ಕುಸಿತದ ಹೊತ್ತಿಗೆ ಮುಟ್ಟಹೊರಟ ಮೆಮೊರಿಯ ವಿಳಾಸವನ್ನು, ಏಕೆಂದರೆ ವಿಳಾಸವೇ ಬಹಳಷ್ಟು ಹೇಳುತ್ತದೆ. ಹದಿನೆಂಟೋ ಇಪ್ಪತ್ತನಾಲ್ಕೋ ಎಂಬಂತಹ ಸಣ್ಣ ಸಂಖ್ಯೆಯಾದರೆ ನಲ್ ಪಾಯಿಂಟರಿನಿಂದ ಅಷ್ಟು ಬೈಟ್ ದೂರದ ಸದಸ್ಯವನ್ನು ಮುಟ್ಟಲಾಗಿದೆ. ಮೆಮೊರಿ ಹಂಚುವ ಸ್ಲ್ಯಾಬ್ ಭಾಗದ ಪರೀಕ್ಷೆಯನ್ನು ಹಾಕಿಕೊಂಡ ಕರ್ನಲ್ಲಿನಲ್ಲಿ, ಹದಿನಾರರ ಸಂಖ್ಯಾಪದ್ಧತಿಯ 6ಬಿ ಎಂಬ ಬೈಟ್ ಸಾಲುಗಟ್ಟಿ ಕಂಡರೆ ಅದು ಬಿಟ್ಟುಕೊಟ್ಟ ಮೆಮೊರಿಗೆ ತುಂಬಿದ ವಿಷ, ಅಂದರೆ ಬಿಟ್ಟ ಮೇಲೆ ಬಳಸಲಾಗಿದೆ. ಎಫ್‌ಗಳ ಸಾಲಿನ ಕೊನೆಯಲ್ಲಿ ಎಫ್4 ಇದ್ದರೆ ಅದು ಮೈನಸ್ 12. ಮೆಮೊರಿ ಸಿಗಲಿಲ್ಲ ಎಂಬ ದೋಷಸಂಖ್ಯೆಯನ್ನು ಪಾಯಿಂಟರೆಂದು ತಿಳಿದು ಯಾರೋ ಬಳಸಿದ್ದಾರೆ. ಕರೆಗಳ ಸರಣಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಸಾಲುಗಳು ಸ್ಟ್ಯಾಕಿನಲ್ಲಿ ಉಳಿದ ಹಳೆಯ ವಿಳಾಸಗಳೂ ಆಗಿರಬಹುದಾದ್ದರಿಂದ ಅವುಗಳ ಮೇಲೆ ವಾದವನ್ನು ಕಟ್ಟಬಾರದು.

ಇಲ್ಲಿ ನನಗೆ ಅತ್ಯಂತ ಅನುಮಾನ ಹುಟ್ಟಿಸುವ ಪ್ಯಾಚಿನ ಬಗ್ಗೆ ಹೇಳಬೇಕು. ನಲ್ ಪಾಯಿಂಟರಿನಿಂದ ಕುಸಿದ ಜಾಗದಲ್ಲಿ, ನಲ್ ಆಗಿದ್ದರೆ ಹಿಂದಿರುಗು ಎಂಬ ಒಂದು ಸಾಲು ಸೇರಿಸಿ, ಕುಸಿತ ನಿಂತಿದೆ ಎಂದು ಬರೆದು ಕಳುಹಿಸುವ ಪ್ಯಾಚ್ ಅದು. ಕುಸಿತ ನಿಂತದ್ದು ನಿಜವೇ. ಆದರೆ ಆ ಪಾಯಿಂಟರ್ ನಲ್ ಆದದ್ದು ಏಕೆ? ಬೇರೊಂದು ಸಿಪಿಯು ಅದೇ ಹೊತ್ತಿನಲ್ಲಿ ಆ ವಸ್ತುವನ್ನು ಕಳಚುತ್ತಿದ್ದರೆ, ಪರೀಕ್ಷೆಯಾದ ಮರುಕ್ಷಣವೇ ಅದು ನಲ್ ಆಗಬಹುದು, ಅಥವಾ ನಲ್ ಆಗದೆಯೇ ಸತ್ತ ಮೆಮೊರಿಯನ್ನು ತೋರಿಸುತ್ತಿರಬಹುದು. ನಿಚ್ಚಳವಾಗಿ ಕಾಣುತ್ತಿದ್ದ ದೋಷವನ್ನು ಅಪರೂಪಕ್ಕೆ ಕಾಣುವ ದೋಷವನ್ನಾಗಿ ಮಾಡಿದಂತಾಯಿತು. ವಿವರಣೆಯಲ್ಲಿ ಏಕೆ ಎಂಬುದಕ್ಕೆ ಉತ್ತರವಿಲ್ಲದ ಇಂತಹ ಪ್ಯಾಚನ್ನು, ಕೋಡ್ ಎಷ್ಟೇ ಅಚ್ಚುಕಟ್ಟಾಗಿದ್ದರೂ, ನಾನು ಒಪ್ಪುವುದಿಲ್ಲ.

ಯಾವ ಬದಲಾವಣೆಯಿಂದ ಶುರುವಾಯಿತೆಂದು ತಿಳಿಯದಿದ್ದಾಗ, ಬದಲಾವಣೆಗಳ ಇತಿಹಾಸವನ್ನು ಇಬ್ಭಾಗ ಮಾಡುತ್ತಾ ಹುಡುಕುವ ಗಿಟ್ ಬೈಸೆಕ್ಟ್ ಇದೆ. ಲಿನಕ್ಸ್‌ನ ಒಂದು ಆವೃತ್ತಿಗೆ ಸೇರುವ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ನಡುವೆಯೂ, ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಸುಮಾರು 14 ಹೆಜ್ಜೆಗಳಲ್ಲಿ ತಪ್ಪಿನ ಕಮಿಟ್ ಸಿಗುತ್ತದೆ. ಆದರೆ ಈ ಲೆಕ್ಕ ಪ್ರತಿ ಸಲವೂ ಕಾಣಿಸುವ ದೋಷಕ್ಕೆ ಮಾತ್ರ. ಹತ್ತು ಸಲಕ್ಕೊಮ್ಮೆ ಕಾಣಿಸುವ ದೋಷವಾದರೆ, ಅದು ಇದ್ದೂ ಕಾಣದೆ ಉಳಿಯುವ ಸಂಭವವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡಲು 44 ಸಲ ಓಡಿಸಬೇಕು, ಅದೂ ಪ್ರತಿ ಹೆಜ್ಜೆಯಲ್ಲಿ. ಸರಿಯಿದೆ ಎಂದು ಒಂದು ಸಲ ಅವಸರದಲ್ಲಿ ಹೇಳಿದರೂ ಮುಂದಿನ ಹೆಜ್ಜೆಗಳೆಲ್ಲ ತಪ್ಪು ಕಡೆಗೆ ಹೋಗಿ, ಸಂಬಂಧವೇ ಇಲ್ಲದ ಕಮಿಟ್ ಮೇಲೆ ಆರೋಪ ಬರುತ್ತದೆ. ನಡುವೆ ಮುದ್ರಣದ ಸಾಲುಗಳನ್ನು ಸೇರಿಸಿ ನೋಡೋಣವೆಂದರೆ, ಕನ್ಸೋಲಿಗೆ ಬರೆಯುವ ನಿಧಾನವೇ ಸಮಯದ ಹೊಂದಾಣಿಕೆಯನ್ನು ಬದಲಿಸಿ ಪೈಪೋಟಿಯ ದೋಷವನ್ನು (ಎರಡು ಕೆಲಸಗಳಲ್ಲಿ ಯಾವುದು ಮೊದಲು ಎಂಬುದರಿಂದ ಹುಟ್ಟುವ ರೇಸ್ ದೋಷವನ್ನು) ಮಾಯ ಮಾಡುವುದುಂಟು; ಆದ್ದರಿಂದ ಮೆಮೊರಿಯಲ್ಲಿಯೇ ದಾಖಲಿಸುವ ಎಫ್‌ಟ್ರೇಸ್ ಮೇಲು.

ಇಷ್ಟೆಲ್ಲ ಕಷ್ಟವನ್ನು ಉಪಕರಣಗಳಿಗೆ ಬಿಡಬಾರದೇ ಎಂದು ಕೇಳಿದರೆ, ಬಿಟ್ಟಿದ್ದೇವೆ. ಲಾಕುಗಳ ಕ್ರಮವನ್ನು ನೆನಪಿಟ್ಟುಕೊಂಡು, ಎರಡು ಕಡೆ ವಿರುದ್ಧ ಕ್ರಮದಲ್ಲಿ ಹಿಡಿದರೆ ನಿಜವಾಗಿ ಸಿಕ್ಕಿಬೀಳುವ ಮೊದಲೇ ದೂರುವ ಲಾಕ್‌ಡೆಪ್ 2006ರಿಂದ ಇದೆ. ಪ್ರತಿ ಎಂಟು ಬೈಟಿಗೆ ಒಂದು ನೆರಳು ಬೈಟ್ ಇಟ್ಟು ತಪ್ಪು ಮೆಮೊರಿ ಬಳಕೆಯನ್ನು ಹಿಡಿಯುವ ಕೇಸ್ಯಾನ್ 2015ರಲ್ಲಿ ಬಂತು, ದತ್ತಾಂಶದ ಪೈಪೋಟಿಯನ್ನು ಹಿಡಿಯುವ ಕೆಸಿಸ್ಯಾನ್ 2020ರಲ್ಲಿ. ಸಿಸ್ಟಮ್ ಕರೆಗಳನ್ನು ಅಡ್ಡಾದಿಡ್ಡಿಯಾಗಿ ಜೋಡಿಸಿ ಕರ್ನಲ್ಲನ್ನು ಹಗಲಿರುಳು ಪೀಡಿಸುವ ಸಿಝ್‌ಕಾಲರ್ ಮನುಷ್ಯರಿಗೆ ಹೊಳೆಯದ ಅನುಕ್ರಮಗಳನ್ನು ಹುಡುಕುತ್ತದೆ. ಇವುಗಳಿಲ್ಲದೆ ಇಂದು ಕೆಲಸ ಸಾಗದು. ಆದರೆ ಇವೆಲ್ಲ ನೋಡುವುದು ಓಡಿದ ದಾರಿಯನ್ನು ಮಾತ್ರ. ಆದ್ದರಿಂದ ನನ್ನ ಓದಿನ ಹೊತ್ತನ್ನು ನಾನು ಹಂಚುವುದು ಉಪಕರಣಗಳು ತಲುಪದ ಕಡೆಗೆ: ವೈಫಲ್ಯದ ದಾರಿ, ಪರೀಕ್ಷಕರ ಬಳಿ ಇಲ್ಲದ ಹಾರ್ಡ್‌ವೇರ್, ಬಳಕೆದಾರರ ಪ್ರೋಗ್ರಾಂಗಳಿಗೆ ಕಾಣುವ ರಚನೆಯ ಬದಲಾವಣೆ. ಕೊನೆಯದರಲ್ಲಿ ಒಮ್ಮೆ ಬಿಡುಗಡೆಯಾದುದನ್ನು ಹಿಂತೆಗೆಯುವುದು ಬಹುಮಟ್ಟಿಗೆ ಅಸಾಧ್ಯವಾದ್ದರಿಂದ ಅಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಹಾಗಾದರೆ ಓದಿ ಮುಗಿಯಿತೆಂದು ತೀರ್ಮಾನಿಸುವುದು ಯಾವಾಗ ಎಂದು ಕೆಲವರು ಮುಂದುವರಿಸುತ್ತಾರೆ. ಲಿನಕ್ಸ್‌ನಲ್ಲಿ ಪರಿಶೀಲಿಸಿದವರು ಪ್ಯಾಚಿಗೆ ರಿವ್ಯೂಡ್ ಬೈ ಎಂಬ ಸಾಲಿನೊಂದಿಗೆ ತಮ್ಮ ಹೆಸರು ಸೇರಿಸುತ್ತಾರೆ. ಅದರ ಅರ್ಥವನ್ನು ಕರ್ನಲ್ ದಸ್ತಾವೇಜಿನಲ್ಲಿ ವಿವರಿಸಿದ್ದಾರೆ: ಬದಲಾವಣೆ ಸೇರಿಸಲು ಯೋಗ್ಯವಾಗಿದೆ, ತಿಳಿದಿರುವ ಗಂಭೀರ ತೊಂದರೆಗಳಿಲ್ಲ ಎಂದು ನಂಬುತ್ತೇನೆ, ಆದರೆ ಅದು ಎಲ್ಲ ಸಂದರ್ಭದಲ್ಲಿಯೂ ಸರಿಯಾಗಿ ನಡೆಯುತ್ತದೆಂಬ ಖಾತರಿ ಕೊಡುವುದಿಲ್ಲ ಎಂಬುದು ಅದರ ತಿರುಳು. ಕರೆಯುವವರೆಲ್ಲರನ್ನೂ ನೋಡಿ, ಲಾಕುಗಳನ್ನು ಅನುಸರಿಸಿ, ವೈಫಲ್ಯದ ದಾರಿಯನ್ನು ಕೊನೆಯವರೆಗೆ ನಡೆದು, ಕೇಳಿದ ಪ್ರಶ್ನೆಗಳಿಗೆಲ್ಲ ಬರೆದವರಿಂದ ಉತ್ತರ ಬಂದ ಮೇಲೆ ಆ ಸಾಲನ್ನು ಬರೆಯುತ್ತೇನೆ. ಅಷ್ಟು ಸಾಧ್ಯವಾಗದಿದ್ದಾಗ, ಲಾಕಿಂಗ್ ಭಾಗವನ್ನು ಮಾತ್ರ ನೋಡಿದ್ದೇನೆ, ಹಾರ್ಡ್‌ವೇರ್ ರಿಜಿಸ್ಟರುಗಳ ಭಾಗವನ್ನು ಅದನ್ನು ಬಲ್ಲ ಬೇರೆಯವರು ನೋಡಬೇಕು ಎಂದು ಸ್ಪಷ್ಟವಾಗಿ ತಿಳಿಸುತ್ತೇನೆ.