ಫ್ಲಾರೆನ್ಸಿನ ಗದ್ದಲದಾಚೆ, ಕೊಲ್ಹಾಪುರದ ಒಬ್ಬ ಹುಡುಗ

ಇಟಲಿಯಲ್ಲಿ ಕ್ಯಾಂಪರ್ ವ್ಯಾನ್ ಓಡಿಸುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಝಡ್‌ಟಿಎಲ್ ಬಗ್ಗೆ. ಪರವಾನಗಿ ಇಲ್ಲದ ಗಾಡಿಗಳು ಹಳೇ ಪೇಟೆಯೊಳಗೆ ಬರಬಾರದು ಅಂತ ಹಾಕಿದ ಗಡಿ ಅದು. ಅಡ್ಡ ನಿಲ್ಲಿಸಲು ಪೊಲೀಸರು ಇರುವುದಿಲ್ಲ, ಮೇಲೊಂದು ಕ್ಯಾಮೆರಾ ಇರುತ್ತದೆ. ನೀವು ಮನೆ ಸೇರಿ, ಪ್ರವಾಸ ಮರೆತ ಮೇಲೆ ದಂಡದ ಚೀಟಿ ಬರುತ್ತದೆ. ನಮ್ಮದೋ ಆರು ಮೀಟರ್ ಉದ್ದದ ಬಾಡಿಗೆ ವ್ಯಾನು. ಫ್ಲಾರೆನ್ಸಿನ ಗಲ್ಲಿಗಳಲ್ಲಿ ಅದನ್ನು ತಿರುಗಿಸುವ ಮಾತೇ ಇಲ್ಲ.

ಅದಕ್ಕೆ ಒಂದು ಒಳ್ಳೇ ದಾರಿ ಇದೆ. ಬೊಲೋನ್ಯಾ ಕಡೆಯಿಂದ ಎ-1 ಹೆದ್ದಾರಿಯಲ್ಲಿ ಬಂದರೆ, ಫ್ಲಾರೆನ್ಸಿನ ಪಕ್ಕದ ಸ್ಕಾಂದಿಚ್ಚಿ ಹತ್ತಿರ ವಿಲ್ಲಾ ಕೊಸ್ತಾಂಜಾ ಅಂತ ಪಾರ್ಕಿಂಗ್ ಸಿಗುತ್ತದೆ. ಹೆದ್ದಾರಿಯ ಟೋಲ್ ದಾಟದೆಯೇ ಒಳಗೆ ಹೋಗಬಹುದು. ವ್ಯಾನ್ ನಿಲ್ಲಿಸಿ ಆಚೆ ಬಂದರೆ ಟಿ-1 ಟ್ರಾಮಿನ ಮೊದಲ ನಿಲ್ದಾಣ. ಅರ್ಧ ಗಂಟೆಯೊಳಗೆ ಊರ ನಡುವಿನ ಸಾಂತಾ ಮಾರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕ ಇಳಿಯುತ್ತೀರಿ. ನಾವು ಗಾರ್ದಾ ಸರೋವರದ ದಂಡೆಯಲ್ಲಿ ಮಲಗಿ, ನಸುಕಿನಲ್ಲಿ ಹೊರಟು, ಒಂಬತ್ತೂವರೆಗೆಲ್ಲ ಟ್ರಾಮಿನಲ್ಲಿದ್ದೆವು. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಮತ್ತೆ ನಿಪ್ಪಾಣಿಯಿಂದ ನಮ್ಮಲ್ಲಿಗೆ ಬಂದಿದ್ದ ಅವ್ವ.

ಇಳಿದು ಐದು ನಿಮಿಷ ನಡೆದಿರಲಿಲ್ಲ, ಜನ ಶುರುವಾದರು. ಕೊಡೆ ಎತ್ತಿ ಹಿಡಿದ ಗೈಡ್, ಅವರ ಹಿಂದೆ ಮೂವತ್ತು ಮಂದಿ, ಆ ಮೂವತ್ತರ ನಡುವೆ ನುಗ್ಗುವ ಇನ್ನೊಂದು ಮೂವತ್ತು. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು. “ಚಿಂಚಲಿ ಮಾಯಕ್ಕನ ಜಾತ್ರಿಗೆ ಬಂದಂಗಾತಲ್ಲೋ” ಅಂದಳು. ಗಲ್ಲಿ ತಿರುಗುತ್ತಿದ್ದಂತೆ ಎದುರಿಗೆ ಬಿಳಿ, ಹಸಿರು, ಕೆಂಪು ಅಮೃತಶಿಲೆಯ ಗೋಡೆ ಎದ್ದು ನಿಂತಿತು. ದುವೋಮೊ, ಈ ಊರಿನ ದೊಡ್ಡ ಚರ್ಚು. ಕತ್ತು ಎಷ್ಟು ಎತ್ತಿದರೂ ಗುಮ್ಮಟದ ತುದಿ ಕಾಣಲಿಲ್ಲ. ಅಷ್ಟು ಗದ್ದಲದಲ್ಲೂ ನಾಲ್ವರೂ ಒಂದು ಕ್ಷಣ ಸುಮ್ಮನಾದೆವು.

ಗುಮ್ಮಟ ಹತ್ತಲು ಮೊದಲೇ ದಿನ, ಸಮಯ ಗೊತ್ತು ಮಾಡಿ ಟಿಕೆಟ್ ತೆಗೆಸಬೇಕು. ನಾನು ಎರಡೇ ತೆಗೆಸಿದ್ದೆ, ನನಗೆ ಮತ್ತು ಮಗಳಿಗೆ. 463 ಮೆಟ್ಟಿಲು, ಲಿಫ್ಟ್ ಇಲ್ಲ. ಮೊಣಕಾಲು ನೋವಿದ್ದವರು ಹಟ ಮಾಡಬೇಡಿ. ಆದರೆ ಕಾಲು ಗಟ್ಟಿ ಇದ್ದವರು ಈ ಊರಲ್ಲಿ ಒಂದೇ ಟಿಕೆಟ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಯಾಕೆಂದರೆ ಇಲ್ಲಿ ನಾವು ಹತ್ತುವುದು ಗುಮ್ಮಟದ ಮೈಯೊಳಗೇ. ಬ್ರುನೆಲ್ಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಇದನ್ನು ಎರಡು ಪದರವಾಗಿ ಕಟ್ಟಿಸಿದ. ಒಳಗೊಂದು, ಹೊರಗೊಂದು, ನಡುವೆ ಸಣ್ಣ ಮೆಟ್ಟಿಲ ದಾರಿ.

ಅಲ್ಲೊಂದು ಕಡೆ ಮುಂದಿನವರು ನಿಂತಿದ್ದರಿಂದ ನಾವೂ ನಿಲ್ಲಬೇಕಾಯಿತು. ಗೋಡೆ ಮುಖಕ್ಕೆ ತಾಗುವಷ್ಟು ಹತ್ತಿರ. ಇಟ್ಟಿಗೆಗಳು ಸಾಲಾಗಿ ಮಲಗಿವೆ, ನಡುನಡುವೆ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿದೆ. ನಿಂತ ಇಟ್ಟಿಗೆಗಳನ್ನೇ ಕಣ್ಣಲ್ಲಿ ಹಿಂಬಾಲಿಸಿದರೆ ಅವು ಸುತ್ತುತ್ತಾ ಮೇಲೆ ಹೋಗುತ್ತವೆ, ಚಾಪೆಯ ಹೆಣಿಗೆಯ ಹಾಗೆ. ಇಡೀ ಗುಟ್ಟು ಅದರಲ್ಲೇ ಇದೆ. ಮೇಲೆ ಮೇಲೆ ಹೋದಂತೆ ಗೋಡೆ ಒಳಕ್ಕೆ ವಾಲುತ್ತದೆ, ಗಾರೆ ಇನ್ನೂ ಹಸಿ. ಮಲಗಿಸಿದ ಇಟ್ಟಿಗೆ ಜಾರಿ ಬೀಳದಂತೆ ಈ ನಿಂತ ಇಟ್ಟಿಗೆಗಳು ಹಿಡಿದುಕೊಳ್ಳುತ್ತವೆ. ಸುಮಾರು 45 ಮೀಟರ್ ಅಗಲದ ಗುಮ್ಮಟಕ್ಕೆ ನೆಲದಿಂದ ಸೆಂಟ್ರಿಂಗ್ ಹಾಕಲು ಮರ ಎಲ್ಲಿಂದ ತರುವುದು? ಹಾಕಲೇ ಇಲ್ಲ. 1420ರಲ್ಲಿ ಶುರು ಮಾಡಿ 1436ರಲ್ಲಿ ಮುಗಿಸಿದರು. ನನ್ನಪ್ಪ ಗೌಂಡಿ ಕೆಲಸ ಮಾಡಿದವನು. ಇದನ್ನು ಅವನಿಗೆ ತೋರಿಸಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು. ಮಗಳು ಒಂದು ಇಟ್ಟಿಗೆಯ ಮೇಲೆ ಮೆಲ್ಲಗೆ ಬೆರಳಿಟ್ಟು ತೆಗೆದಳು.

ಕೆಳಗಿಳಿದು, ಸಿನ್ಯೋರಿಯಾ ಚೌಕದಲ್ಲಿ ಮೈಕೆಲಾಂಜೆಲೊನ ಡೇವಿಡ್ ಪ್ರತಿಮೆ ನೋಡಿದೆವು. ಅಲ್ಲಿರುವುದು ನಕಲು. ಅಸಲಿ ಮೂರ್ತಿಯನ್ನು 1873ರಲ್ಲೇ ಅಕಾಡೆಮಿಯಾ ಅನ್ನುವ ಕಲಾ ಗ್ಯಾಲರಿಗೆ ಸಾಗಿಸಿದರು. ಅಲ್ಲಿನ ಸಾಲಿಗೆ ನಾವು ಹೋಗಲಿಲ್ಲ. ಪೊಂತೆ ವೆಕ್ಕಿಯೊ ಸೇತುವೆಯ ಮೇಲೆ ಅವ್ವ ಒಂದೊಂದೇ ಬಂಗಾರದ ಅಂಗಡಿ ಮುಂದೆ ನಿಂತು ಕುಸುರಿ ನೋಡಿದಳು. ಮೊದಲು ಇಲ್ಲಿ ಮಾಂಸದಂಗಡಿಗಳಿದ್ದವು, 1593ರಲ್ಲಿ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. 1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಈ ಊರಿನ ಸೇತುವೆಗಳನ್ನೆಲ್ಲ ಉರುಳಿಸಿ ಇದೊಂದನ್ನು ಬಿಟ್ಟಿತು. ಮೂರು ಗಂಟೆಗೆ ಬಿಸಿಲು, ನೂಕಾಟ ಎರಡೂ ಜಾಸ್ತಿಯಾದವು.

“ಇನ್ನ ಸಾಕು. ಆ ಹುಡುಗ ಎಲ್ಲಿ ಅದಾನ, ಅಲ್ಲಿಗೆ ನಡಿ” ಅಂದಳು ಅವ್ವ.

ಆ ಹುಡುಗನ ವಿಷಯ ಹಿಂದಿನ ರಾತ್ರಿ ವ್ಯಾನಿನಲ್ಲಿ ಹೇಳಿದ್ದೆ. ಕೊಲ್ಹಾಪುರದ ಛತ್ರಪತಿ ರಾಜಾರಾಮ. ಯುರೋಪ್ ಸುತ್ತಿ ಊರಿಗೆ ವಾಪಸಾಗುವಾಗ ಫ್ಲಾರೆನ್ಸಿನಲ್ಲಿ ಕಾಯಿಲೆ ಬಿದ್ದು, 1870ರ ನವೆಂಬರ್ 30ರಂದು ತೀರಿಕೊಂಡ. ವಯಸ್ಸು ಬರೀ 20. ಹೆಣ ಸುಡುವುದು ಆಗ ಅಲ್ಲಿ ಇಲ್ಲದ ಪದ್ಧತಿ. ವಿಶೇಷ ಅನುಮತಿ ಪಡೆದು, ಆರ್ನೋ ಮತ್ತು ಮುನ್ಯೋನೆ ನದಿಗಳು ಕೂಡುವ ಜಾಗದಲ್ಲಿ ರಾತ್ರಿ ಹೊತ್ತು ಚಿತೆ ಹಚ್ಚಿದರು. ಸಂಗಮವೇ ಆಗಬೇಕಿತ್ತು, ನಮ್ಮ ಪದ್ಧತಿಯಂತೆ.

ಟ್ರಾಮಿನಲ್ಲಿ ಕಾಶಿನೆ ನಿಲ್ದಾಣಕ್ಕೆ ಬಂದು ಇಳಿದೆವು. ಅಲ್ಲಿಂದ ಕಾಶಿನೆ ಉದ್ಯಾನದೊಳಗೆ, ನದಿಯ ಪಕ್ಕದಲ್ಲೇ, ಪಡುವಣ ತುದಿಯವರೆಗೆ ನಡೆಯಬೇಕು. ಮೂರು ಕಿಲೋಮೀಟರ್ ಹತ್ತಿರ ಹತ್ತಿರ. ಎರಡೂ ಕಡೆ ದೊಡ್ಡ ಮರಗಳು. ಓಡುವವರು, ಸೈಕಲ್ಲಿನವರು, ನಾಯಿ ಹಿಡಿದವರು, ಎಲ್ಲ ಊರಿನವರೇ. ಕೊಡೆ ಎತ್ತಿದ ಒಬ್ಬ ಗೈಡೂ ಇಲ್ಲ. ಅವ್ವ ಎರಡು ಸಲ ಬೆಂಚಿನ ಮೇಲೆ ಕೂತು ಎದ್ದಳು, ವಾಪಸ್ ಹೋಗೋಣ ಅನ್ನಲಿಲ್ಲ.

ಕೊನೆಗೆ ಮರಗಳ ನಡುವೆ ಕಂಡಿತು. ನಮ್ಮ ಕಡೆ ರಾಜರ ನೆನಪಿಗೆ ಕಟ್ಟುವ ಛತ್ರಿಯಂಥದೇ ಮಂಟಪ, ಅದರಡಿ ಹುಡುಗನ ಮೂರ್ತಿ. ತಲೆಗೆ ಪಗಡಿ, ಕೊರಳಿಗೆ ಮುತ್ತಿನ ಸರ. ಮುಖದಲ್ಲಿ ಇನ್ನೂ ಎಳೆತನ. 1874ರಲ್ಲಿ ನಿಲ್ಲಿಸಿದ್ದು. ಮಂಟಪದ ನಕ್ಷೆ ಮಾಡಿದ ಚಾರ್ಲ್ಸ್ ಮಂಟ್ ಅನ್ನುವವನೇ ಆಮೇಲೆ ಕೊಲ್ಹಾಪುರದ ಹೊಸ ಅರಮನೆಯನ್ನೂ ಮಾಡಿದ. ಆ ಅರಮನೆಗೆ ಅವ್ವ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದಳು, ಮಹಾಲಕ್ಷ್ಮಿ ದರ್ಶನ ಮುಗಿಸಿಕೊಂಡು. ಇಲ್ಲಿನ ಜನ ಈ ಜಾಗಕ್ಕೆ ‘ಇಂಡಿಯಾನೊ’ ಅಂತಲೇ ಕರೆಯುತ್ತಾರೆ. ಪಕ್ಕದಲ್ಲಿ 1978ರಲ್ಲಿ ಕಟ್ಟಿದ ದೊಡ್ಡ ಸೇತುವೆಗೂ ಅವನದೇ ಹೆಸರು, ಪೊಂತೆ ಅಲ್ಲಿಂದಿಯಾನೊ.

ಅವ್ವ ಚಪ್ಪಲಿ ಬಿಟ್ಟು ನಿಂತಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇವನ ಸುದ್ದಿ ಇವರವ್ವಗ ಎಷ್ಟ ದಿನಕ್ಕ ಮುಟ್ಟಿತೋ ಏನೋ” ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಮಗಳು ಅಜ್ಜಿಯ ಕೈ ಹಿಡಿದುಕೊಂಡಳು.

“ತಂಗಿಗೆ ಫೋನ್ ಹಚ್ಚು” ಅಂದಳು ಅವ್ವ. ಚಿಕ್ಕಮ್ಮನನ್ನು ಕೊಟ್ಟಿರುವುದು ಕೊಲ್ಹಾಪುರಕ್ಕೇ. ಅಲ್ಲಿ ಆಗ ರಾತ್ರಿ ಎಂಟೂವರೆ, ಊಟದ ಹೊತ್ತು. ವಿಡಿಯೋ ಹಚ್ಚಿ ಅವ್ವನ ಕೈಗೆ ಕೊಟ್ಟೆ. “ನಿಮ್ಮೂರ ರಾಜ ಇಲ್ಲೇ ಅದಾನ ನೋಡವ್ವಾ” ಎನ್ನುತ್ತಾ ಫೋನನ್ನು ಮೂರ್ತಿಯ ಕಡೆ ತಿರುಗಿಸಿದಳು. ಆ ಕಡೆ ಮಾತು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಮ್ಮನ ದನಿ ಕೇಳಿತು.

“ಅಕ್ಕಾ, ಇನ್ನಷ್ಟ ಹತ್ತಿರ ಹಿಡಿ. ಮಾರಿ ಕಾಣವಲ್ಲದು.”