ಮುಧೋಳ ನಾಯಿಯೂ ನಮ್ಮ ಪ್ರೋಟೋಕಾಲ್ ಚಾರ್ಟೂ

ಮುಳ್ಳುತಂತಿಗೆ ತೊಡೆ ಸೀಳಿಕೊಂಡ ಗಂಡು ಮುಧೋಳ, ಜೊತೆಗೆ ಬಾಗಲಕೋಟೆ ಕಡೆಯ ಹಿರಿಯರು. ಇಂಟರ್ನ್ ಕೇಸ್‌ಶೀಟಿನಲ್ಲಿ ‘ತೂಕ ಕಡಿಮೆ’ ಅಂತ ಬರೆದದ್ದೇ ತಡ, ಅವರು ರೇಗಿದರು: “ಬ್ಯಾಟಿ ನಾಯಿ ಐತ್ರೀ ಡಾಕ್ಟ್ರ. ಪಕ್ಕೆಲುಬು ಕಾಣಬೇಕು. ಕೊಬ್ಬ ಹೊತ್ಕೊಂಡು ಮೊಲದ ಹಿಂದ ಹ್ಯಾಂಗ ಓಡ್ತೈತಿ?” ಅದರ ಬೆನ್ನಿಗೇ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟ ಕಥೆಯೂ ಬಂತು. ನಾನು ಹೂಂಗುಟ್ಟುತ್ತ ಸಿರಿಂಜ್ ತುಂಬುತ್ತಿದ್ದೆ. ಅನಸ್ತೀಸಿಯಾಕ್ಕೆ ಬೇಕಾದ ವಿಷಯವೆಲ್ಲ ಆ ಮೊದಲ ಮಾತಿನಲ್ಲೇ ಇತ್ತು. ನನ್ನ ಕಿವಿಗೆ ಬಿದ್ದದ್ದು ರಾಜರ ಕಥೆ ಮಾತ್ರ.

ನಮ್ಮ ಸಾಫ್ಟ್‌ವೇರಿನ ತಳಿಪಟ್ಟಿಯಲ್ಲಿ ಚಿವಾವಾ ಇದೆ, ಮುಧೋಳ ಇಲ್ಲ. 2005ರಲ್ಲೇ ಅಂಚೆಚೀಟಿಯ ಮೇಲೆ ಬಂದ ನಾಯಿ ನಮ್ಮಲ್ಲಿ ‘ಮಿಕ್ಸ್’, ಅಂದರೆ ಬೆರಕೆ. ಮಿಕ್ಸ್ ನಾಯಿಗೆ ನಮ್ಮ ಪ್ರೋಟೋಕಾಲ್ ಚಾರ್ಟ್ ಹೇಳುವ ಅರಿವಳಿಕೆ ಥಯೋಪೆಂಟೋನ್, ಯಾಕೆಂದರೆ ಅದು ಅಗ್ಗ. ಥಯೋ ಮೊದಲು ಮಿದುಳಿಗೆ ಹೋಗಿ, ಆಮೇಲೆ ಸ್ನಾಯು, ಕೊಬ್ಬಿಗೆ ಹರಿದು ಹಂಚಿಹೋಗುತ್ತದೆ. ಮುಧೋಳದಂಥ ಸೈಟ್‌ಹೌಂಡ್, ಅಂದರೆ ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ನಾಯಿಯ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಹಾಗಾಗಿ ಮತ್ತು ಬೇಗ ಇಳಿಯುವುದಿಲ್ಲ. ಗ್ರೇಹೌಂಡ್‌ಗಳಲ್ಲಂತೂ ಲಿವರ್ ಅದನ್ನು ಕರಗಿಸುವುದೂ ನಿಧಾನ. ಹೊಲಿಗೆಯ ನಡುವೆ ಕಾಲು ಎಳೆದುಕೊಂಡಿತು ಅಂತ ನಾನು ಮೇಲೊಂದು ಟಾಪ್‌ಅಪ್ ಡೋಸ್ ಬೇರೆ ಕೊಟ್ಟೆ.

ಹೊಲಿಗೆ ಮುಗಿಯಿತು. ನಾಯಿ ಏಳಲಿಲ್ಲ.

ರೆಪ್ಪೆ ಮುಟ್ಟಿದರೆ ಮಿಟುಕಿಲ್ಲ. ದವಡೆ ಜೋತುಬಿದ್ದಿದೆ. ಥರ್ಮಾಮೀಟರ್ ನೋಡಿದರೆ 95.6, ನಾಯಿಗೆ 101ರ ಆಸುಪಾಸಿನಲ್ಲಿರಬೇಕು. ಮೈ ತಣ್ಣಗಾದಷ್ಟೂ ಔಷಧಿ ಇಳಿಯುವುದು ತಡ. ಥಯೋಗೆ ರಿವರ್ಸಲ್, ಅಂದರೆ ಮತ್ತು ಇಳಿಸುವ ಮರುಮದ್ದು, ಇಲ್ಲ, ಕಾಯಬೇಕಷ್ಟೆ. ಹೀಟಿಂಗ್ ಪ್ಯಾಡಿಗೆ ಇಂಡೆಂಟ್ ಹಾಕಿದ್ದೆವು; ಬಂದದ್ದು ರಿಸೆಪ್ಷನ್ನಿಗೆ ಟೀವಿ. ಕಾಂಪೌಂಡರ್ ಕೆಟಲ್‌ನಲ್ಲಿ ನೀರು ಕಾಯಿಸಿ, ಖಾಲಿ ಸಲೈನ್ ಬಾಟಲಿಗಳಿಗೆ ತುಂಬಿ, ಟವೆಲ್ ಸುತ್ತಿ ಹೊಟ್ಟೆಯ ಪಕ್ಕ ಇಟ್ಟ. ನಾನು ಉಸಿರು ತುಂಬುವ ಬ್ಯಾಗ್ ಒತ್ತುತ್ತ, ಆಗಾಗ ಮಗ್ಗುಲು ಬದಲಿಸುತ್ತ ನಿಂತೆ. ಹೊರಗೆ ಆ ಹಿರಿಯರು ಒಂದು ಮಾತೂ ಆಡದೆ ಕೂತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಬಾಯಲ್ಲಿದ್ದ ಉಸಿರಿನ ಟ್ಯೂಬಿನ ಸುತ್ತ ನಾಲಿಗೆ ಸುರುಳಿಯಾಯಿತು, ಒಮ್ಮೆ ನುಂಗಿತು. ಟ್ಯೂಬ್ ಎಳೆದೆ. ಮಲಗಿದಲ್ಲೇ ನಾಲ್ಕೂ ಕಾಲು ಓಡತೊಡಗಿದವು. ಹಿಡಿಯಲು ಹೋದ ಇಂಟರ್ನ್‌ಗೆ ಬಾಗಿಲಿನಿಂದಲೇ ಗದರಿಕೆ: “ಮುಟ್ಟಬ್ಯಾಡ್ರಿ, ಹೊರಗಿನವ್ರು ಹಿಡಿದ್ರ ಅದಕ್ಕ ಆಗೂದಿಲ್ಲ.”

ಈಗ ಪಕ್ಕೆಲುಬು ಕಂಡರೆ ಥಯೋ ಬದಲು ಪ್ರೊಪೋಫಾಲ್, ಅದೂ ಚೂರುಚೂರೇ. ಟೇಬಲ್‌ಗೆ ಹಾಕುವ ಮೊದಲೇ ಕಂಬಳಿ. ಚಾರ್ಟ್ ಮಾತ್ರ ಬದಲಾಗಿಲ್ಲ. ಅದು ಬದಲಾಗಲು ಮೀಟಿಂಗ್ ಆಗಬೇಕಂತೆ.

2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದ ಸುದ್ದಿ ಓದಿ, ಮುಧೋಳದ ಬಳಿ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ತರಬೇಕು ಅನ್ನುವವರು ಈಗಲೂ ಸಿಗುತ್ತಾರೆ. ಬರಿ ಟೈಲ್ಸ್ ಮೇಲೆ ಮಲಗಿಸಿದರೆ ಮೊಣಕೈ ದಡ್ಡುಗಟ್ಟುತ್ತದೆ, ಚಳಿ ತಡೆಯುವುದಿಲ್ಲ, ಸರಪಳಿಗೆ ಕಟ್ಟಿದರೆ ಹುಚ್ಚೇ ಹಿಡಿಯುತ್ತದೆ ಅಂತೆಲ್ಲ ಹೇಳಿ, ಓಡಲು ಬಯಲಿದೆಯಾ ಅಂತ ಕೇಳುತ್ತೇನೆ.

“ಟೆರೇಸ್ ಇದೆ ಡಾಕ್ಟ್ರೇ” ಅಂತಾರೆ.